ಮಾಲೀಕರ ಹೆಸರು

ಬಂಡಿಮೋಟಿನ ಮಿರ್ಚಿ ಅಂಗಡಿ ಮಗ್ಗಲಲ್ಲಿ
ಒಂದು ಫ್ಯಾನು, ಒಂದು ಕಂಪ್ಯೂಟರು, ಒಬ್ಬ ಹುಡುಗ.
"ಆಧಾರ್ ಇಡ್ರಿ. ಪ್ಯಾನ್ ಇಡ್ರಿ. ಕರೆಂಟ್ ಬಿಲ್ ಇಡ್ರಿ.
ಹೆಸರು?"
ಸುಂಕಮ್ಮ ಅಂದೆ.
ನಕ್ಕ. "ಸುಂಕ ಕಟ್ಟೋಕೆ
ಹುಟ್ಟಿದಾಗಿಂದಲೇ ರೆಡಿ ಆಗೀರಿ ಬಿಡ್ರಿ."

ನಮ್ಮವ್ವ ಮೂರು ಕೂಸು ಮಣ್ಣಿಗಿಟ್ಟ ಮೇಲೆ
ನಾಲ್ಕನೆಯದು ಉಳಿದರೆ ನಿನ್ನ ಹೆಸರೇ ಇಡ್ತೀನಿ ಅಂತ
ಸುಂಕಲಮ್ಮನ ಕಲ್ಲಿಗೆ ಹಣೆ ಹಚ್ಚಿದ್ದಳು.
ಕಟ್ಟೋದನ್ನ ಅವಳು ಮುಂಚೇನೇ ಕಟ್ಟಿದಾಳೆ.
ಇದನ್ನ ಹುಡುಗನಿಗೆ ಹೇಳಲಿಲ್ಲ.
ಸುಂಕದವನ ಮುಂದೆ ಸುಖದುಃಖ
ಹೇಳಿ ಏನಾಗೋದೈತೆ.

"ಮಾಲೀಕರ ಹೆಸರು?"
ಬಾಯಿ ತಾನೇ ತೆರೀತು:
"ಗೌಸ್‌ಮೋದ್ದೀನ್ ಸೇಠು, ಕೌಲ್ ಬಜಾರು."
ಹತ್ತೊಂಬತ್ತು ವರ್ಷ ಅವರ ಶೆಡ್ಡಿನಲ್ಲಿ
ಜೀನ್ಸಿಗೆ ಲೂಪು ಹಚ್ಚೀನಿ.
ಪ್ಯಾಂಟಿಗೆ ಐದು ಲೂಪು, ಶನಿವಾರಕ್ಕೆ ಕೂಲಿ.
ಯಾವ್ಯಾವ ಊರಿನ ಗಂಡಸರ ನಡು
ನನ್ನ ಹೊಲಿಗೆ ಹಿಡಿದು ನಿಂತೈತೋ
ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

"ಸೇಠು ಅಲ್ರಿ ಅಕ್ಕ. ಈಗ ಮಿಷನ್ ಯಾರದು?"
ನಂದು. ಎರಡು. ಒಂದರದು ಕಂತು ಬಾಕಿ ಐತೆ.
"ಜಾಗ?"
ನಂದೇ ನಡುಮನೆ.
"ಹಂಗಾದ್ರೆ ಮಾಲೀಕರು ನೀವೇ" ಅಂದವನೇ
ಟಕಟಕ ಹೊಡೆದು
ಆ ಖಾಲಿ ಡಬ್ಬಿಯೊಳಗೆ ನನ್ನ ಕೂಡಿಸಿಬಿಟ್ಟ.
ಇಕ್ಕಟ್ಟಾಯ್ತು ಸ್ವಲ್ಪ.
ಸೆರಗು ಸರಿ ಮಾಡಿಕೊಂಡೆ.

"ಕೆಲಸಗಾರರು ಎಷ್ಟು ಜನ?"
ಒಬ್ಬಾಕೆ.
ಯಾರು ಅಂತ ಅವನು ಕೇಳಲಿಲ್ಲ.

"ಹೋದ ವರ್ಷದ ವಹಿವಾಟು?"
ಬಟ್ಟೆ ಗುರುತು ಮಾಡೋ ಸೀಮೆಸುಣ್ಣದಲ್ಲಿ
ಕ್ಯಾಲೆಂಡರಿನ ಹಿಂದಿನ ಗೋಡೆಗೆ ಗೀಟು ಎಳೆದಿದ್ದೆ.
ಹತ್ತು ಪ್ಯಾಂಟಿಗೊಂದು ಉದ್ದ ಗೀಟು, ನೂರಕ್ಕೊಂದು ಅಡ್ಡ.
ಉಗಾದಿಗೆ ಮಗಳು ಸುಣ್ಣ ಹೊಡೆದಳು,
ಅರ್ಧ ವರ್ಷ ಬೆಳ್ಳಗಾಯ್ತು.
"ಅಂದಾಜು ಹೇಳ್ರಿ."
ಅಂದಾಜು ಹೇಳಿದೆ.
ದಾರದುಂಡೆಗೆ, ಸೂಜಿಗೆ, ಮಿಷನ್ನಿನ ಎಣ್ಣೆಗೆ
ಕೊಟ್ಟ ರೊಕ್ಕದಲ್ಲೆಲ್ಲ ಸರ್ಕಾರದ ಪಾಲಿತ್ತಂತೆ.
ಇಷ್ಟು ದಿನ ಹೆಸರು ಹೇಳದೆ ಕಟ್ಟೀನಿ,
ಇನ್ನು ಹೇಳಿ ಕಟ್ಟಬೇಕು.

ಇದೆಲ್ಲ ಯಾಕೆ ಅಂದರೆ
ರಾಯದುರ್ಗದ ವ್ಯಾಪಾರಿ
"ನಂಬರ್ ಇಲ್ಲ, ಬಿಲ್ ಇಲ್ಲ ಅಂದ್ರೆ
ಮಾಲು ಹೆಂಗ ಎತ್ತಲಿ ತಾಯಿ?" ಅಂದಿದ್ದ.
ತಾಯಿ ಅಂದೋರು ರೇಟು ಇಳಿಸ್ತಾರೆ,
ಅದು ಗೊತ್ತಿದ್ದೂ ಬಂದೀನಿ.

ಒಂಬತ್ತನೇ ದಿನ ನಂಬರ್ ಬಂತು.
ಇಪ್ಪತ್ತೊಂಬತ್ತರಿಂದ ಶುರು, ಹದಿನೈದು ಮನೆ.
ಅಷ್ಟು ಉದ್ದದ ಹೆಸರು
ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ.
ಹಾಳೆಗೆ ಪ್ಲಾಸ್ಟಿಕ್ ಹೊದಿಸಿ
ಸುಣ್ಣ ಹೊಡೆದ ಅದೇ ಜಾಗದಲ್ಲಿ ಮೊಳೆ ಬಡಿದೆ.

ವ್ಯಾಪಾರಿ ಬರಲಿಲ್ಲ.
ಮೊದಲ ತಿಂಗಳು ಒಂದು ಪ್ಯಾಂಟೂ ಬರಲಿಲ್ಲ.
ಹುಡುಗ ಫೋನ್ ಹಚ್ಚಿದ: "ಅಕ್ಕ, ರಿಟರ್ನು."
ಏನಿಲ್ಲಪ್ಪ ಅಂದೆ.
"ಏನಿಲ್ಲ ಅಂತಾದ್ರೂ ಹೇಳಬೇಕ್ರಿ,
ಸುಮ್ಮನಿದ್ರೆ ದಂಡ."

ಕೆಲಸ ಇಲ್ಲದ ವಾರ ಏನು ಉಂಡಿ ಅಂತ
ಸೇಠು ಒಂದಿನ ಕೇಳಿರಲಿಲ್ಲ.
ಇವರೂ ಕೇಳಲ್ಲ.
ಆದರೂ ಒಂದು ಸೊನ್ನೆಗೆ
ಜಾಗ ಇಟ್ಟಾರೆ.
ಬರೆಸಿದೆ.
ದಾರ ಸುತ್ತದ ಬಾಬಿನ್ನಿನ ಹಂಗೆ
ದುಂಡಗೆ ಕೂತಿತು.

ವ್ಯಾಪಾರಿ ಎರಡನೇ ತಿಂಗಳು ಬಂದ.
ಇನ್ನೂರು ಪ್ಯಾಂಟು. ರೇಟು ಇಳಿಸಿದ.
ಮೂರನೇ ದಿನ ಕೋಟೆಗುಡ್ಡ ಹಂಚಿನಂಗೆ ಕಾದು
ಕಾಲು ಪೆಡಲಿನ ಮೇಲೆ ನಿಲ್ಲದಾಯ್ತು.
ಮಾಲೀಕಳನ್ನ ಅರ್ಧ ದಿನ ರಜೆ ಕೇಳಿದೆ.

ಕೊಟ್ಟಳು.
ಕೂಲಿ ಮುರಕೊಂಡಳು.